ತುಕ್ಕು

ಇಪ್ಪತ್ತೆರಡು ವರ್ಷ ಹಡಗಿನ ಹೊಟ್ಟೆಗೆ
ಹಗ್ಗದಲ್ಲಿ ಜೋತು, ಸುತ್ತಿಗೆಯಿಂದ
ತುಕ್ಕು ಉದುರಿಸಿದವಳು ನಾನು.
ಯೊಂಗ್‌ದೊ ಬಂದರಿನಲ್ಲಿ ನಮ್ಮಂಥ ಹೆಂಗಸರ
ಕಿವಿಗಳನ್ನೆಲ್ಲ ಆ ಕಬ್ಬಿಣವೇ ತಿಂದಿತು.

ಈಗ ಬುಧವಾರಕ್ಕೊಮ್ಮೆ ಗಂಡನ ಜೊತೆ
ಸೇತುವೆಯಾಚೆಯ ಆಸ್ಪತ್ರೆಯ ಬೆಂಚು.
ಪರದೆಯೊಳಗೆ ಯಂತ್ರ ಟಕಟಕ ಬಡಿಯುತ್ತದಂತೆ.
ನನಗೆ ಕೇಳಿಸದು. ಗೋಡೆಗೆ ಅಂಗೈ ಇಟ್ಟೆ:
ನನ್ನ ಸುತ್ತಿಗೆಯ ಮರಿಯೇ!

ಸಕ್ಕರೆ ಕಾಯಿಲೆ ಅವನಿಗೆ
ಮೊದಲು ಕಾಲ್ಬೆರಳು ಮರೆಸಿತು,
ಆಮೇಲೆ ನನ್ನನ್ನು.
ಮೂರು ಚಳಿಗಾಲ ಗೋಡೆಗೆ ಮುಖ ಮಾಡಿ ಮಲಗಿದ.
ನನಗೋ ಬೇರೆ ಗುಮಾನಿ, ಮೀನು ಮಂಡಿಯ
ಆ ವಿಧವೆ ಯಾಕೆ ನಗುತ್ತಾಳೆ ಅಂತ.
ಬಾಯಿಬಿಡಲು ಅವನಿಗೆ ನಾಚಿಕೆ,
ಬಿಟ್ಟಿದ್ದರೂ ಕೇಳುವ ಕಿವಿ ಎಲ್ಲಿತ್ತು?

ರಾತ್ರಿಯ ಕಷಾಯ ನನ್ನ ಪಾಲಿನ ಕೆಲಸ.
ಮೂರು ಕವಲು, ಒಂಬತ್ತೆಲೆಯ ಗಿಡ,
ಜೊತೆಗೆ ಹೆಸರು ಗೊತ್ತಿಲ್ಲದೊಂದು ಬೇರು,
ಗಡಿಗೆಯಲ್ಲಿ ಅರ್ಧಕ್ಕಿಳಿಯಬೇಕು.
"ಎರಡೂ ಕೂಡಿದರೆ ನೋಡೋಣ" ಎಂದಿದ್ದಾರೆ ಡಾಕ್ಟರು,
ಆ "ನೋಡೋಣ"ಕ್ಕೆ ಸಕ್ಕರೆ ಸವರದೆ.
ಕಹಿಗೆ ಅವನ ಮುಖ ಮುದುಡಿದರೆ
ಜೇನು ಕೊಡುವಂತಿಲ್ಲ; ಬೆನ್ನು ಸವರುತ್ತೇನೆ.

ತುಕ್ಕಿಗೆ ಜೋರಾಗಿ ಹೊಡೆದರೆ ತಗಡೇ ತೂತು.
ಕೈಗೆ ಗೊತ್ತಿರಬೇಕು.

ಐದನೇ ವಾರ ಒಂದು ರಾತ್ರಿ
ಗೋಡೆ ಬಿಟ್ಟು ನನ್ನ ಕಡೆ ಹೊರಳಿದ ದೊಕ್ಸು,
ಚೂರುಪಾರು ಕೇಳುವ ಎಡಗಿವಿಗೆ ತುಟಿ ತಂದು
ಏನೋ ಅಂದ.

ಬೆಳಿಗ್ಗೆ ಪಕ್ಕದ ಮನೆಯ ಗಪ್‌ಸುನ್ ಹುಬ್ಬು ಹಾರಿಸಿ,
"ಗುಣವಾಯಿತೇನೆ?"

"ಆಂ? ಜೋರಾಗಿ ಹೇಳು" ಎಂದೆ.
ಬೀದಿಯಲ್ಲಿ ಜೋರಾಗಿ ಹೇಳುವ ಮಾತೇ ಅದು!