ಕಾಳಿ ಎರಡು

ನಾ ಪೇಟಿ ರಿಪೇರಿಯಾಂವ, ಗದಗಿನಾಂವ.
ಭಜನಿ ಪೇಟಿ, ಸಾಲಿ ಪೇಟಿ, ನಾಟಕ ಕಂಪನಿಯ ಕಾಲ್ಪೇಟಿ,
ಉಸಿರು ಎಲ್ಲೆ ಸೋರತೈತಿ ಅಂತ
ಗಲ್ಲ ಹಚ್ಚಿ ಹುಡುಕಾಂವ.
ಪಿಯಾನೋದ ಹೊಟ್ಟಿ ನೋಡಿದ್ದಿಲ್ಲ.

ಹುಬ್ಬಳ್ಳಿ ರೇಲ್ವೆ ಇನ್‌ಸ್ಟಿಟ್ಯೂಟಿನ ಹಿಂದಿನ ಖೋಲ್ಯಾಗ
ಕೇರಂ ಬೋರ್ಡು, ಮುರಕ ಖುರ್ಚಿಗಳ ಸಂದಿಗೆ
ಒಲಿಂಡಾ ಟೀಚರ್ ಮುಚ್ಚಳಾ ಎತ್ತಿ ಹಿಡದ್ರು.
ಒಳಗ ಇಲಿ ಸಂಸಾರ ಮಾಡಿದ ಗುರ್ತು,
ಯಾರೋ ಮರತ ಬೀಡಿ ಕಟ್ಟು.
"ಎಲ್ಲಾ ಬ್ಯಾಡಪ್ಪಾ, ರೊಕ್ಕಿಲ್ಲ.
ಶ್ರುತಿ ಕೂಡಸು, ಅಷ್ಟ ಸಾಕು."

ಆದರ ಕಾಳಿ ಎರಡು ಸತ್ತಿತ್ತು.
ಒತ್ತಿದರ ಬರೇ ಕಟ್ಟಿಗಿ ಸಪ್ಪಳ,
ಯಾರೂ ಇಲ್ಲದ ಮನಿ ಬಾಗಲಾ ಬಡದಂಗ.
ಸತ್ತ ಸ್ವರಾ ಬಿಟ್ಟು ಬರೂದು
ನನ್ನ ಕೈಗೆ ಗೊತ್ತಿಲ್ಲ.
ಗಾರ್ಡನ ಹಳೇ ಕೋಟಿನ ತೋಳು ಕತ್ತರಿಸಿ
ಸುತ್ತಿಗಿಗೆ ಬನಾತು ಹಚ್ಚಿದೆ,
ಮೀರಜದಿಂದ ತಂತಿ ತರಿಸಿದೆ, ನನ್ನ ಕಿಸೇದ್ದ.
ನಾಕನೇ ದಿನಾ ಅದು ಮಾತಾಡಿತು:
ಪಾಂಢರಿ ಒಂದಕ್ಕ ಷಡ್ಜ ಹಿಡಿದರ
ಕೋಮಲ ಗಂಧಾರ,
ಆಗಷ್ಟ ಹುಟ್ಟಿದ ಕರಾ ನಿಂತಂಗ, ನಡಗಕೋತ.

"ಶನಿವಾರ ಸಂಜಿಗೆ ಬಾ, ನಿನ್ನ ಕೆಲಸಾ ಕೇಳು.
ಜಾಝ್ ಅಂತಾರ ಇದಕ್ಕ. ಆದರ ಕುಣಿಯೂದಲ್ಲ,
ನಾಕ ಮಂದಿ ಕುಂತು ಮಾತಾಡೂದು."

ಕೇಳವರು ಹನ್ನೊಂದು, ನನ್ನ ಹಿಡದು.
ಹಜರೇಸಾಬ ಮದವಿ ಬ್ಯಾಂಡಿನ ಕೆಂಪು ಕೋಟು
ಗೂಟಕ್ಕ ಹಾಕಿ, ಕ್ಲಾರಿನೆಟ್ಟಿನ ತುಂಡು ಜೋಡಸಾಕ ಹತ್ತಿದ್ದ.
ಎಲ್‌ಐಸಿಯಿಂದ ಸೀದಾ ಬಂದಾಕಿ ಕರುಣಾ ಹೊಸಮನಿ,
ಊಟದ ಡಬ್ಬಿ ಜೋಡಿ ಬೆಳ್ಳಿ ಕೊಳಲು.
ಯಮನೂರಪ್ಪ ಭಜಂತ್ರಿ ಮೂಲ್ಯಾಗ,
ಸನಾದಿಯ ಗರಿ ನಾಲಿಗಿ ಮ್ಯಾಲೆ ನೆನಸಕೋತ
ಯಾರ ಜೋಡಿನೂ ಮಾತಿಲ್ಲ.

ಶುರು ಆತು.
ಇದ ಎಂಥಾ ತಾಳ?
ಎರಡನೇದು ಬರೂ ಹೊತ್ತಿಗೆ ಬರಲಿಲ್ಲ,
ಚಪ್ಪಲಿ ಹುಡಕಕೋತ ಹೊಚ್ಚಲದಾಗ ನಿಂತು
ಎಲ್ಲಾರೂ ಹ್ವಾದರು ಅಂದ ಮ್ಯಾಲೆ
ನಕ್ಕೋತ ಬಂತು.
ಮೆರವಣಿಗ್ಯಾಗ ಎದಿ ಬಿರಿಯೂ ಹಂಗ ಊದೂ ಹಜರೇಸಾಬ
ಇಲ್ಲೆ ಚಿಟಿಕಿ ಉಪ್ಪಿನಷ್ಟ ಊದಿದ.
ಕೊಳಲು ದುರ್ಗದ ಬೈಲಿನ ಗದ್ದಲದಾಗ
ಸೈಕಲ್ಲಿನಂಗ ಸಂದಿ ಹಿಡದು ನುಗ್ಗಿತು.
ಸನಾದಿ ಜಗಳಕ್ಕ ನಿಂತು
ನಡುವ ಸುಮ್ಮನಾತು.
ಟೀಚರ್ ಎಡಗೈ ಮಾತ್ರ
ಬಿಸಲಾಗಿನ ಪೋಸ್ಟಮನ್ನು, ಅವಸರಿಲ್ಲ.

ನಾ ಕಾಳಿ ಎರಡಕ್ಕ ಕಾಯ್ದೆ.
ಬಲಗೈ ಏರಿತು, ಸನಿ ಬಂತು, ಬಂತು,
ಜಿಗೀತು.
ಗಟಾರ ದಾಟೂ ಹೆಣ್ಣಮಗಳಂಗ
ನಿರಿಗಿ ಎತ್ತಿ ಜಿಗೀತು.
ಮತ್ತ ಬಂತು. ಮತ್ತ ಜಿಗೀತು.
ಆ ಜಾಗಾ ಬಂದಾಗೊಮ್ಮೆ ಹಜರೇಸಾಬ
ತುಟಿ ಸಡಲ ಬಿಟ್ಟು
ಕೋಮಲನೂ ಅಲ್ಲ, ಶುದ್ಧನೂ ಅಲ್ಲ,
ನಡುವಿನ ಬಿರುಕಿನ್ಯಾಗಿಂದ ಒಂದು ಗಂಧಾರ
ಜಾರಿಸಿ ಕೊಡತಿದ್ದ.
ಪೇಟ್ಯಾಗ ಆ ಸ್ವರಕ್ಕ ಮನೀನ ಇಲ್ಲ.
ನಲವತ್ತು ವರ್ಷ
ಅಂಥಾವನ್ನ ಕೆರದು ಕೆರದು ಸರಿ ಮಾಡಿದಾಂವ ನಾ.

ಮುಗದ ಮ್ಯಾಲೆ ಗಿರಮಿಟ್ಟು, ಚಹಾ.
"ಯಾಕ್ರೀ ಟೀಚರ್, ಅದನ್ನ ಮುಟ್ಟಲೇ ಇಲ್ಲಲಾ?"
ಅವರು ತಮ್ಮ ಬಟ್ಟು ನೋಡಕೊಂಡ್ರು.
"ಹತ್ತೊಂಬತ್ತು ವರ್ಷ ಅದು ಇಲ್ಲದನ ಬರದೇನಪ್ಪಾ.
ಎಲ್ಲಾ ಅದರ ಮಗ್ಗಲದಿಂದ ಹಾದು ಹೋಗ್ಯಾವ.
ಈಗ ಬಂದು ಬಾಗಲಾಗ ನಿಂತೈತಿ.
ಎಲ್ಲೆ ಕುಂದ್ರಸಲಿ?"

ರೊಕ್ಕಾ ಎಣಿಸಿ ಕೊಟ್ರು, ತಂತೀದೂ ಹಿಡದು.
ಮಂದಿ ಹೊರಗ ಹ್ವಾದ ಮ್ಯಾಲೆ
ಮುಚ್ಚಳಾ ಎತ್ತಿ, ಒಮ್ಮೆ, ನಾನ ಒತ್ತಿದೆ.
ಛಲೋ ಇತ್ತು. ಖರೇನ ಛಲೋ ಇತ್ತು.
ಬಾಗಲಾಗ ಯಮನೂರಪ್ಪ ಒಬ್ಬನ ತಿರಗಿ ನೋಡಿ
"ಹಾಂ" ಅಂದ, ಚಪ್ಪಲಿ ಮೆಟ್ಟಿದ.

ಕಡೀ ಬಸ್ಸು. ಸಿಟ್ಟು ಬಂದಿತ್ತು,
ಅಣ್ಣಿಗೇರಿ ತನಕ ಇತ್ತು.
ಆಮ್ಯಾಲೆ ನೋಡತೇನಿ, ಕಿಟಕಿ ಗಜದ ಮ್ಯಾಲೆ
ಬಟ್ಟು ತನ್ನಷ್ಟಕ್ಕ ತಾನ ಬಡೀತೈತಿ:
ಒಂದು,
ಆಮ್ಯಾಲೆ, ಆಮ್ಯಾಲೆ,
ಎರಡು.
"ಮುಳಗುಂದ ನಾಕಾಕ್ಕ ಇಳೀತೀರೇನ್ರೀ?"
ಕಂಡಕ್ಟರ್ ಕೇಳಿದ.
ಅರ್ಧ ಮಾತ್ರಿ ತಡದು
ಹೂಂ ಅಂದೆ.