ಒಂಬತ್ತನೇ ಕಂಬ

ನನ್ನ ಕೆಲಸ ನಿಂದ್ರೂದು.
ಐತವಾರ ಮುಂಜಾನಿ ಆರಕ್ಕ, ಫರಸಿ ಕಾಯೂಕಿಂತ ಮೊದಲ,
ಶಹಾಬಜಾರದ ಆ ಉದ್ದನ ಗಲ್ಲ್ಯಾಗ
ನೀಲಗಂಗಮ್ಮನ ಗೇಟಿನಿಂದ ಒಂಬತ್ತು ಲೈಟಿನ ಕಂಬ ದೂರ,
ಹೆಗಲಿಗೆ ಮೀಟರ್ ಓದೂ ಚೀಲ, ತಲಿಗೆ ಹೆಲ್ಮೆಟ್,
ಅಡ್ಡಮಾರಿ ಮಾಡಿ,
ಯಾರ್ನೋ ಕಾಯ್ದಂಗ.

ಸಂಬಳ ಇಲ್ಲ. ಮುಗಿದ ಮ್ಯಾಲ ಒಂದು ಕಪ್ ಚಾ ಅದ.

ನನ್ನ ಎಡಗಾಲ ಮೀನಖಂಡದಾಗ ಕಡ್ಲಿಯ ನಾಕು ಹಲ್ಲು ಇನ್ನೂ ಅವ.
ಕಡ್ಲಿ ಅಂದ್ರ ನಾಯಿ. ಹುರಗಡ್ಲಿ ಬಣ್ಣ, ಒಂದು ಕಿವಿ ಮಡಚೇದ.
ಹೋದ ದೀಪಾವಳಿ ಮುಂದ ಗೇಟ್ ತೆಗದಿದ್ದೆ, ಬಿಲ್ಲು ಹರದು ಕೊಡಬೇಕಂತ;
ಬಿಲ್ಲಿನ ಬದಲಿ ಪ್ಯಾಂಟು ಹರೀತು.

ಗಲ್ಲಿ ತುಂಬ ವೈದ್ಯರು:
ಕಟ್ಟಿ ಹಾಕ್ರಿ. ಬಡೀರಿ, ಬುದ್ಧಿ ಬರ್ತದ.
ಗಾಡ್ಯಾಗ ಹಾಕಿ ಸೇಡಂ ರೋಡಿಗೆ ಬಿಟ್ಟು ಬರ್ರಿ.

ಆಮ್ಯಾಲ ಬಂದಾಕಿ ಸಬೀಹಾ,
ಬೀದರದಾಗ ದನದ ಡಾಕ್ಟರಿಕಿ ಓದಾಕಿ, ನಡುವ ಬಿಟ್ಟಾಕಿ.
ನಾಯಿ ಮುಟ್ಟಲಿಲ್ಲ, ಕರೀಲಿಲ್ಲ.
ಅಂಗಳದ ಮೂಲ್ಯಾಗ ತಾಸೊತ್ತು ಕುಂತು
ಬಾಲದ ಬುಡ ನೋಡಿದಳು, ತುಟಿ ನೆಕ್ಕೂದು ನೋಡಿದಳು,
ಕಣ್ಣಿನ ಬಿಳಿ ಎಷ್ಟು ಕಾಣ್ತದ ಅಂತ ವಹ್ಯಾಗ ಬರಕೊಂಡಳು.
ಎದ್ದು ಹೊಂಟಾಗ ಅಂದದ್ದಿಷ್ಟು:
‘ಇದು ಸಿಟ್ಟಲ್ಲ ಅಮ್ಮಾ. ದೂರ ಹೋಗ್ರಿ ಅಂತ ಬೇಡ್ಕೊಳಾಕತ್ತದ.
ಮೆತ್ತಗ ಬೇಡಿದಾಗ ಯಾರೂ ಕೇಳಿಲ್ಲ.’

ಹಳೇ ಮಾಲಕ ಹೆಲ್ಮೆಟ್ ಹಾಕ್ಕೊಂಡು ಏನು ಮಾಡಿದ್ದನೋ
ನಮಗ ಗೊತ್ತಿಲ್ಲ.
ಕಡ್ಲಿಗೆ ಗೊತ್ತದ, ಹೇಳಾಂಗಿಲ್ಲ.

ಇಪ್ಪತ್ತು ವರ್ಷ ಮಂದಿ ಮನಿ ಯೂನಿಟ್ ಓದೀನಿ.
ಅಂಜಿಕಿ ಅಳಿಯೂದು ಕಂಬದ ಲೆಕ್ಕದಾಗ ಅಂತ
ಆ ಹುಡುಗಿ ಕಲಿಸಿದಳು.
ಒಂಬತ್ತರ ಹಂತ್ಯಾಕ ನಾನು ಕಂಡೆ, ಕಿವಿ ಎದ್ದಿತು,
ಬೊಗಳೂಕಿಂತ ಒಂದು ಉಸಿರು ಮೊದಲ
ನೀಲಗಂಗಮ್ಮನ ಕೈಯಿಂದ ಕಲೇಜಿ ಚೂರು.
ಜಲ್ಮದಾಗ ಕಲೇಜಿ ಮುಟ್ಟದ ಕೈ,
ಪ್ಲಾಸ್ಟಿಕ್ ಚೀಲ ಸುತ್ಕೊಂಡು, ಮಾರಿ ಆಕಡಿ ತಿರುವಿ.
ನಾನು ಕಂಬದ ಹಿಂದ ಮರಿ. ಕಲೇಜಿ ಬಂದ್.
ಮತ್ತ ನಾನು. ಮತ್ತ ಕಲೇಜಿ.
ಹನ್ನೊಂದು ವಾರಕ್ಕ ಆರನೇ ಕಂಬ.

ಒಂದ್ಸಲ ಅವಸರ ನನಗಽ ಹತ್ತಿತು. ಆರರಿಂದ ನಾಕಕ್ಕ ಹಾರಿದೆ.
ಎದಿಪಟ್ಟಿ ಜಗ್ಗಿ ಹಿಂಗಾಲ ಮ್ಯಾಲ ನಿಂತು
ಗಲ್ಲಿ ಕಿತ್ತು ಬರೂ ಹಂಗ ಬೊಗಳಿತು.
ನನ್ನ ಮೀನಖಂಡಾನೂ ಥರಥರ.
ಸಬೀಹಾ ಬೈಲಿಲ್ಲ, ನಾಯಿಗೂ ಇಲ್ಲ, ನನಗೂ ಇಲ್ಲ.
‘ಇಬ್ಬರೂ ಅಂಜೀರಿ. ಒಂಬತ್ತಕ್ಕ ನಡೀರಿ.’

ಅದಽ ವಾರ ಮನ್ಯಾಗ ಮಗಳು,
ಎಸ್ಸೆಸ್ಸೆಲ್ಸಿ ಗಣಿತದಾಗ ಫೇಲಾದಾಕಿ, ಬಾಗಿಲ ಹಾಕ್ಕೊಂಡಿದ್ದಳು.
ಮೊದಲಿನ ನಾನಾಗಿದ್ರ ಬಡೀತಿದ್ದೆ, ಬಾಗಿಲನಽ ಮೊದಲ.
ಮೂರು ಫರಸಿ ದೂರ ಕುಂತೆ, ಅಡ್ಡಮಾರಿ,
ತೊಗರಿಬ್ಯಾಳಿ ಆರಿಸ್ಕೋತ.
ರಾತ್ರಿ ಹತ್ತಕ್ಕ ಚಿಲಕ ಸಪ್ಪಳಾತು.
ತಿರುಗಿ ನೋಡಲಿಲ್ಲ ನಾನು. ಬ್ಯಾಳಿ ಮುಗದಿತ್ತು,
ಖಾಲಿ ಮರದಾಗ ಬೆರಳಾಡಿಸಿದೆ.

ಈಗ ನೀಲಗಂಗಮ್ಮ ಮೀಟರ್ ಗ್ವಾಡಿ ಹೊರಗ ಹಾಕಿಸ್ಯಾಳ.
ನಾನು ಒಳಗ ಹೋಗೂ ದರಕಾರಽ ಇಲ್ಲ.
ಎಲ್ಲಾರ ಸಂಗಾಟ ಆಡೂ ನಾಯಿ ಇದು ಆಗಲಿಕ್ಕಿಲ್ಲ ಅಂತ
ಸಬೀಹಾ ಮೊದಲಽ ಹೇಳ್ಯಾಳ;
ಪಟಾಕಿ ದಿನ ಇನ್ನೂ ಪಲ್ಲಂಗದ ಬುಡಕ ಇರ್ತದ.
ಆದ್ರೂ ಐತವಾರ ನಿಂದ್ರತೀನಿ.

ಹೋದ ವಾರ ಮೂರನೇ ಕಂಬ.
ಕಡ್ಲಿ ನನ್ನ ನೋಡ್ತು, ಹೆಲ್ಮೆಟ್ ನೋಡ್ತು,
ಆಮ್ಯಾಲ ತಾನಽ ಕೊರಳು ತಿರುವಿ ನೀಲಗಂಗಮ್ಮನ ಕೈ ನೋಡ್ತು:
ಬಂದಾನಲ್ಲ ಇಂವ, ಎಲ್ಲದ ನನ್ನ ಕಲೇಜಿ?

ನನಗ ಆಕಳಿಕಿ ಬಂತು, ಖರೇನಽ ಬಂತು.
ಗಲ್ಲಿ ಆ ತುದ್ಯಾಗ
ಕಡ್ಲಿನೂ ಬಾಯಿ ತೆರೀತು,
ಆ ನಾಕೂ ಹಲ್ಲು ಕಾಣೂ ಹಂಗ.