ಹದಿನಾಲ್ಕನೇ ಪ್ಯಾರಾ

ಬಲ್ಲಾರ್ಡ್ ಎಸ್ಟೇಟಿನ ಕಲ್ಲುಕಟ್ಟಡ, ಮೂರನೇ ಮಾಳಿಗೆ.
ಐದು ದೇಶ, ಹತ್ತು ಮೈಕು, ಒಬ್ಬಳು ಟೈಪಿಸ್ಟು. ಅದು ನಾನು.
ಮೂರನೇ ರಾತ್ರಿ. ಹದಿಮೂರು ಪ್ಯಾರಾ ನುಂಗಿದ್ದಾಯಿತು,
ಹದಿನಾಲ್ಕನೆಯದು ಗಂಟಲಲ್ಲಿ ಮೀನಿನ ಮುಳ್ಳು.

‘ಕಳವಳ’ ಎಂದು ಹೊಡೆದೆ.
‘ತೀವ್ರ ಕಳವಳ’ ಎಂದ ಟೋಕಿಯೋದ ಮುದುಕ.
ತೀವ್ರ ತೆಗೆಯಿರಿ, ಎಂದರು ಬರ್ಲಿನ್ನಿನವರು,
ಅವರ ಕಾರುಗಳು ಹೋಗಿ ಇಳಿಯುವುದು ಅಲ್ಲೇ.
ದಿಲ್ಲಿಯವರು ಕನ್ನಡಕ ಒರೆಸಿಕೊಂಡರು:
ಗಡಿಯೂ ಅವರೊಡನೆ, ಗುಳಿಗೆಯ ಕಚ್ಚಾಮಾಲೂ ಅವರದೇ,
ವಾಕ್ಯ ಸ್ವಲ್ಪ ಮೆತ್ತಗಿರಲಿ.
ಒಂಬತ್ತು ಸಲ ತೀವ್ರ ಬಂತು, ಒಂಬತ್ತು ಸಲ ಹೋಯಿತು.
ಬೇಕಾದರೆ ನನ್ನ ಕಿರುಬೆರಳನ್ನು ಕೇಳಿ.

ಯಾರ ಬಗ್ಗೆ ಕಳವಳ?
ಅದೊಂದು ಹೆಸರು ಇಡೀ ಕಾಗದದಲ್ಲಿಲ್ಲ.
‘ಕೆಲವು ಆರ್ಥಿಕತೆಗಳು’ ಎಂದಿದೆ,
‘ಮಾರುಕಟ್ಟೆಗೆ ಹೊರತಾದ ಪದ್ಧತಿಗಳು’ ಎಂದಿದೆ.

ಜತ್ತದ ಕಡೆಯ ಚಂಪವ್ವ ಅತ್ತಿ ನೆನಪಾದಳು.
ಗಂಡನ ಹೆಸರು ಒಡಪಿನ ಹೊರಗೆ ನಾಲಿಗೆಗೆ ತಂದವಳಲ್ಲ.
ಹೊಸ್ತಿಲಲ್ಲಿ ಅಡ್ಡಗಟ್ಟಿ, ‘ಹೆಸರು ಹೇಳಿ ಒಳಗ ಬಾ’ ಅಂದರೆ
ಗೋದಿ ಹೊಲ, ಗೆಜ್ಜಿ ಎತ್ತು, ಬಾವಿ, ಬಾವಿಯ ಮೇಲಿನ ಚಂದ್ರ
ಎಲ್ಲ ಸುತ್ತಿ ಬಂದು
ಕೊನೆಯಲ್ಲಿ, ಸೆರಗಿನ ಮರೆಯಲ್ಲಿ, ಫಕ್ಕನೆ ಹೆಸರು.
ಎಷ್ಟು ಉದ್ದದ ಒಡಪಾದರೂ ಹೆಸರಿಗೆ ಬಂದು ನಿಲ್ಲಬೇಕು.
ಇದು ಎಂಥ ಒಡಪೋ,
ಹದಿನಾಲ್ಕು ಪ್ಯಾರಾ ಆದರೂ ಬಾಗಿಲಾಚೆಯೇ ನಿಂತಿದೆ.

ಟೋಕಿಯೋದ ಮುದುಕ ಮೆಲ್ಲಗೆ ಹೇಳಿದ, ನಾನು ಹೊಡೆದೆ:
‘ನಮ್ಮಲ್ಲೊಬ್ಬರ ಸರಕಿಗೆ ಅಲ್ಲಿ ಬಾಗಿಲು ಮುಚ್ಚಿದರೆ
ಉಳಿದ ನಾಲ್ವರು ಅದನ್ನು ಕೊಳ್ಳುವೆವು.’

ಪರ್ತಿನ ಹೆಂಗಸು ನಕ್ಕಳು.
ನನ್ನಪ್ಪನ ಬಾರ್ಲಿ ಬಂದರಿನಲ್ಲಿ ಕೂತಿತ್ತು, ಎಂದಳು.
ನೀವೆಲ್ಲ ಫೋನು ಮಾಡಿದಿರಿ. ಒಳ್ಳೆಯ ಮಾತಾಡಿದಿರಿ.
ನಮ್ಮದು ನಿಂತ ಆ ಜಾಗಕ್ಕೆ ಆಮೇಲೆ
ಯಾರ ಯಾರ ಧಾನ್ಯ ಹೋಯಿತು, ಹೇಳಲೇ?

ಹೇಳು ಎನ್ನಲಿಲ್ಲ ಯಾರೂ.
ಏಸಿಯ ಗುಂಯ್. ದೂರ ಧಕ್ಕೆಯಲ್ಲಿ ಯಾವುದೋ ಹಡಗು
ಒಂದೇ ಸಲ ಕೂಗಿ ಸುಮ್ಮನಾಯಿತು.

ಆಗ ಬಂದ ರಾಮ್‌ಸಜೀವನ್, ಜೌನ್‌ಪುರದವನು,
ಚಹದ ಟ್ರೇ ಹಿಡಿದು, ಎಂದಿನ ಗಟ್ಟಿ ದನಿಯಲ್ಲಿ:
‘ಚೀನಿ ಕಿತ್ನೀ, ಸಾಬ್?’

ದುಭಾಷಿಗೆ ಉಗುಳು ಸಿಕ್ಕಿಕೊಂಡಿತು.
ಐದೂ ದೇಶ ತಲೆಯೆತ್ತಿ ಅವನನ್ನೇ ನೋಡಿದವು.
ಸಕ್ಕರೆ, ಸಕ್ಕರೆ ಕೇಳುತ್ತಿದ್ದಾನೆ ಎಂದು ದಿಲ್ಲಿಯವರು ಬಿಡಿಸಿ ಹೇಳಿದ ಮೇಲೆ
ಮೂರು ದಿನದ ನಗು ಒಮ್ಮೆಗೇ ಒಡೆಯಿತು.
ಮುದುಕ ಬೇಡವೆಂದ. ಬರ್ಲಿನ್ನಿಗೆ ಎರಡು ಚಮಚ.
ವಾಷಿಂಗ್ಟನ್ನಿನವರು ಎಷ್ಟು ಸುರಿದುಕೊಂಡರೋ, ಕೈ ಮರೆಯಿತ್ತು.
ದಿಲ್ಲಿಯವರು ಎಲ್ಲರೆದುರು ಬೇಡವೇ ಬೇಡ ಎಂದು
ಟ್ರೇ ಅತ್ತ ತಿರುಗಿದಾಗ ಅರ್ಧ ಚಮಚ.

ಹನ್ನೊಂದೂ ಐವತ್ತಕ್ಕೆ
‘ಕೊಳ್ಳುವೆವು’ ಅಳಿಸಿ ‘ಸಮಾಲೋಚಿಸುವೆವು’ ಎಂದು ಹೊಡೆದೆ.
ಪರ್ತಿನವಳೂ ತಲೆಯಾಡಿಸಿದಳು.
ಇಷ್ಟಾದರೂ ಆಯಿತಲ್ಲ, ಎಂದಳು. ಯಾರಿಗೋ. ನನಗಿರಬೇಕು.

ಪರಳದ ಗಿರಣಿಯಲ್ಲಿ ಮಾಮ ತೀರಿಕೊಂಡ ವರ್ಷ
ಆಫೀಸಿನ ಕಿಟಕಿಯಲ್ಲಿ ಕಾರಕೂನ ಕೇಳಿದ್ದ: ಸತ್ತವನ ಹೆಸರು?
ಹಿಂದೆ ಉದ್ದ ಸಾಲು. ಅಲ್ಲಿ ಒಡಪು ಯಾರು ಕೇಳುತ್ತಾರೆ?
ಚಂಪವ್ವ ಅತ್ತಿ ತುಟಿ ಬಿಚ್ಚಲಿಲ್ಲ,
ಬಳೆ ಮೇಲೆ ಸರಿಸಿ ಮುಂಗೈ ತಿರುವಿ ಹಿಡಿದಳು.
ಹಸಿರು ಹಚ್ಚೆಯ ನಾಲ್ಕಕ್ಷರ. ಅವನು ನೋಡಿ ಬರೆದುಕೊಂಡ.
ಸಾಯುವ ತನಕ ತಿಂಗಳಿಗೆ ಮುನ್ನೂರಾ ಹತ್ತು ಬಂತು ಅವಳಿಗೆ.

ಮುದ್ರಿಸಿದೆ. ಐದು ಪ್ರತಿ, ಇನ್ನೂ ಬಿಸಿ.
ಮೇಲಿನದನ್ನು ಎತ್ತಿ, ಯಾಕೋ,
ತಿರುವಿ ನೋಡಿದೆ.
ಹಿಂದೆ ಏನಿರುತ್ತದೆ, ಬಿಳಿ.

ಡೊಂಬಿವಲಿಯ ಕೊನೆಯ ಲೋಕಲ್ಲಿಗೆ ಹನ್ನೆರಡೇ ನಿಮಿಷ.
ಲೋಟ ಬಳಿಯುತ್ತಿದ್ದ ರಾಮ್‌ಸಜೀವನ್ ಕೇಳಿದ,
ಬಾಯೀ, ನಾನೇನು ತಪ್ಪು ಹೇಳಿದೆ?